ಕೊರೆಯುವ ಚಳಿಗೊಂದು ಬ್ಯಾಟರಿ

ನವೆಂಬರ್ 4

ಪೂಜ್ಯ ಅತ್ತೆಯವರ ಪಾದಾರವಿಂದಗಳಲ್ಲಿ ಸೊಸೆ ಮಾಡುವ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಕಾಯುತ್ತಿದ್ದೇವೆ. ನಿಮ್ಮ ಮಗ ಶಾಲೆಯಲ್ಲಿ ಸಂಗೀತ ಕಲಿಸುತ್ತಾ ಆರಾಮವಾಗಿದ್ದಾರೆ. ಚಳಿ ಶುರುವಾದ ಮೇಲೆ ಎರಡು ಸಲ ಕೈಗವಸು ಕಳೆದುಕೊಂಡರು, ಎರಡು ಸಲವೂ ಬಲಗೈಯದೇ. ಈಗ ಎಡಗೈ ಗವಸನ್ನೇ ತಿರುಗಿಸಿ ಬಲಗೈಗೆ ಹಾಕಿಕೊಂಡು ಓಡಾಡುತ್ತಿದ್ದಾರೆ.

ನಿಮ್ಮಲ್ಲಿ ಒಂದು ವಿಷಯ ಕೇಳಬೇಕಿತ್ತು. ಮದುವೆಯಾದ ಮೇಲೆ ನಿಮ್ಮೊಂದಿಗೆ ಕೂತು ನಾಲ್ಕು ಮಾತಾಡಿದವಳಲ್ಲ, ಈಗ ಕೆಲಸ ಬಿದ್ದಾಗ ಬರೆಯುತ್ತಿದ್ದೇನೆ ಎಂದು ತಪ್ಪು ತಿಳಿಯಬಾರದು. "ಅಮ್ಮನ್ನ ಕೇಳೋಕೆ ಅಷ್ಟು ಹೆದರಿಕೆ ಯಾಕೆ? ಬ್ಯಾಟರಿ ಅಂದ್ರೆ ಊಟ ಬಿಟ್ಟು ಎದ್ದು ಬರ್ತಾಳೆ" ಎಂದು ನಿಮ್ಮ ಮಗನೇ ಧೈರ್ಯ ಹೇಳಿದರು.

ನಮ್ಮ ಆಸ್ಪತ್ರೆ ಕಣಿವೆಯ ತಳದಲ್ಲಿದೆ. ಮೇಲೆ ಬೆಟ್ಟದಲ್ಲಿ ಗಣಿ ಕೆಲಸಗಾರರ ಮನೆಗಳು. ಅಲ್ಲಿ ದಿನ ತುಂಬದೆ ಮಗು ಹುಟ್ಟಿದರೆ ನಾನು ಹೋಗಿ ಕರೆತರುತ್ತೇನೆ. ತರುವುದು ಒಂದು ಬೆಚ್ಚನೆ ಪೆಟ್ಟಿಗೆಯಲ್ಲಿ: ಪಾರದರ್ಶಕ ಮುಚ್ಚಳ, ಒಳಗೆ ಪುಟ್ಟ ಹಾಸಿಗೆ, ಹಾಸಿಗೆ ಕೆಳಗೆ ಬ್ಯಾಟರಿಯಿಂದ ಕಾಯುವ ತಟ್ಟೆ. ಹಿಮದ ಗಾಡಿ ಹೋಗುವಷ್ಟು ದೂರ ಗಾಡಿ, ಹೋಗದ ಕಡೆ ಜಾರುಬಂಡಿಯಲ್ಲಿ ಎಳೆದು ತರುವುದು. ಆಸ್ಪತ್ರೆಯ ಕೋಣೆಯಲ್ಲಿ ಬ್ಯಾಟರಿ ಅರ್ಧ ದಿನ ನಡೆಯುತ್ತದೆ. ಹೊರಗೆ ಮೈನಸ್ ಮೂವತ್ತು ಇದ್ದಾಗ ಅರ್ಧ ದಾರಿಗೂ ಬರುವುದಿಲ್ಲ. ದುಪ್ಪಟಿ ಸುತ್ತಿ ನೋಡಿದೆವು, ಬಿಸಿನೀರಿನ ಚೀಲ ಇಟ್ಟು ನೋಡಿದೆವು.

ಇದಕ್ಕೆ ಏನಾದರೂ ಉಪಾಯ ಇದ್ದರೆ, ನಿಮಗೆ ಬಿಡುವಿದ್ದರೆ, ತಿಳಿಸಿ. ಇಲ್ಲದಿದ್ದರೂ ಬೇಸರವಿಲ್ಲ.

ಇಂತಿ ನಿಮ್ಮ ವಿಧೇಯ ಸೊಸೆ


ನವೆಂಬರ್ 15

ಸೊಸೆಗೆ,

ಮೊದಲನೆಯದಾಗಿ, ನನ್ನ ಕಾಲಿನಲ್ಲಿ ಯಾವ ಅರವಿಂದವೂ ಇಲ್ಲ. ಉಕ್ಕಿನ ಮೂತಿಯ ಬೂಟು ಇದೆ. ಪ್ರಯೋಗಾಲಯದ ನಿಯಮ. ಮುಂದಿನ ಪತ್ರದಲ್ಲಿ ಆ ಸಾಲು ಬಿಟ್ಟು ನೇರ ವಿಷಯಕ್ಕೆ ಬಾ.

ದುಪ್ಪಟಿ ಸುತ್ತಿದರೆ ಪ್ರಯೋಜನವಿಲ್ಲ. ದುಪ್ಪಟಿ ಇದ್ದ ಬಿಸಿಯನ್ನು ಕಾಪಾಡುತ್ತದೆ, ಇಲ್ಲದ್ದನ್ನು ತರುವುದಿಲ್ಲ. ನಿನ್ನ ಬ್ಯಾಟರಿ ಕೆಟ್ಟಿಲ್ಲ, ಮರಗಟ್ಟಿದೆ. ಏನಾಗುತ್ತದೆ ಅಂತ ಹೇಳುತ್ತೇನೆ ಕೇಳು.

ಬ್ಯಾಟರಿಯ ಒಳಗೆ ಎರಡು ಮನೆಗಳಿವೆ, ನಡುವೆ ಒಂದು ದ್ರವ. ಲಿಥಿಯಂ ಕಣಗಳು ಒಂದು ಮನೆಯಿಂದ ಇನ್ನೊಂದಕ್ಕೆ ಈಜಿಕೊಂಡು ಹೋದರೆ ನಿನಗೆ ಕರೆಂಟು. ಚಳಿಯಲ್ಲಿ ದ್ರವ ಜೇನಿನಂತೆ ಗಟ್ಟಿಯಾಗುತ್ತದೆ, ಈಜು ನಿಧಾನ. ಎಲ್ಲರೂ ಇದನ್ನೇ ಹೇಳುತ್ತಾರೆ. ನಿಜವಾದ ಕಿರಿಕಿರಿ ಬಾಗಿಲಲ್ಲಿ. ಕಣ ಒಂಟಿಯಾಗಿ ಈಜುವುದಿಲ್ಲ, ದ್ರವದ ಅಣುಗಳನ್ನು ಮೈಗೆ ಕೋಟಿನಂತೆ ಸುತ್ತಿಕೊಂಡು ಬರುತ್ತದೆ. ಮನೆಯೊಳಗೆ ಹೋಗಬೇಕಾದರೆ ಕೋಟು ಬಿಚ್ಚಬೇಕು. ಮೈನಸ್ ಮೂವತ್ತರಲ್ಲಿ ಬಾಗಿಲ ಹೊರಗೆ ನಿಂತು ಕೋಟು ಬಿಚ್ಚು ಎಂದರೆ ಯಾರು ಬಿಚ್ಚುತ್ತಾರೆ? ನಿನ್ನ ಗಂಡನಂತೂ ಬಿಚ್ಚುವುದಿಲ್ಲ. ಹಾಗೆ ಬಾಗಿಲಲ್ಲಿ ಗುಂಪು ಸೇರುತ್ತದೆ, ಕರೆಂಟು ನಿಲ್ಲುತ್ತದೆ.

ದಪ್ಪ ಕೋಟು ಹೊದಿಸದ, ಸಡಿಲವಾಗಿ ಹಿಡಿಯುವ ದ್ರವ ಬೇಕು. ಅದರ ಮೇಲೆ ನಾನು ಬಹಳ ದಿನದಿಂದ ಕೆಲಸ ಮಾಡುತ್ತಿದ್ದೇನೆ.

ಈಗ ಒಂದು ಎಚ್ಚರಿಕೆ. ಹೊರಗಿನಿಂದ ತಂದ ತಣ್ಣನೆ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬೇಡ. ಒಳಗೆ ಹೋಗಲಾಗದ ಲಿಥಿಯಂ ಬಾಗಿಲಲ್ಲೇ ಲೋಹವಾಗಿ, ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ಮುಳ್ಳು ಆ ಕಡೆಗೆ ಚುಚ್ಚಿದರೆ ಬೆಂಕಿ. ಮೊದಲು ಕೋಣೆಯ ಬಿಸಿಗೆ ಬರಲಿ.

ಪೆಟ್ಟಿಗೆಯ ತಟ್ಟೆಗೆ ಎಷ್ಟು ವ್ಯಾಟ್, ಬ್ಯಾಟರಿ ಕೂರುವ ಗೂಡಿನ ಅಳತೆ ಎಷ್ಟು, ಬರೆ. ನನಗೆ ಬಿಡುವಿದೆಯೋ ಎಂದು ಕೇಳಿದ್ದೀಯ. ಇದೆ.

ಅತ್ತೆ


ನವೆಂಬರ್ 29

ಅತ್ತೆಯವರಿಗೆ ನಮಸ್ಕಾರ.

ಅರವಿಂದ ಬಿಟ್ಟಿದ್ದೇನೆ. ನಮಸ್ಕಾರ ಬಿಡಲು ಕೈ ಬರಲಿಲ್ಲ, ಕ್ಷಮಿಸಿ.

ನೀವು ಕೇಳಿದ ಅಳತೆಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನಿಮ್ಮ ಕೋಟಿನ ಕಥೆಯನ್ನು ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ಹಿಮಗಾಡಿಯ ಚಾಲಕನಿಗೆ ಬಾಯಿ ಮುಚ್ಚಿ ಅಭ್ಯಾಸವೇ ಇಲ್ಲ, ಅದಕ್ಕೇ ಎಲ್ಲರೂ ಅವನನ್ನು 'ಮೌನಿ' ಎಂದು ಕರೆಯುತ್ತಾರೆ. ಅವನು ಈಗ ಗಾಡಿ ಸ್ಟಾರ್ಟ್ ಆಗದಿದ್ದರೆ "ಇದಕ್ಕೂ ಕೋಟು ಬಿಚ್ಚೋಕೆ ಬೇಜಾರು" ಎನ್ನುತ್ತಾನೆ. ಬ್ಯಾಟರಿಯನ್ನು ಬೆಚ್ಚಗಾದ ಮೇಲೆಯೇ ಚಾರ್ಜಿಗೆ ಹಾಕುತ್ತಿದ್ದೇವೆ.

ನೀವು ಇಷ್ಟು ಬೇಗ, ಇಷ್ಟು ವಿವರವಾಗಿ ಉತ್ತರ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ನಿಮ್ಮ ಕೆಲಸಗಳ ನಡುವೆ ತೊಂದರೆ ಕೊಟ್ಟೆನೇನೋ.

ಇಂತಿ ನಿಮ್ಮ ಸೊಸೆ


ಡಿಸೆಂಬರ್ 21

ಸೊಸೆಗೆ,

ಜೊತೆಯಲ್ಲಿ ಬ್ಯಾಟರಿ ಕಳಿಸಿದ್ದೇನೆ. ಬೂದು ಬಣ್ಣದ ಡಬ್ಬಿ, ನಿನ್ನ ಗೂಡಿಗೆ ಸರಿಯಾಗಿ ಕೂರುತ್ತದೆ.

ಹೊಸ ದ್ರವಕ್ಕೆ ಮಾಗಿದ ಹಣ್ಣಿನ ವಾಸನೆ. ಕೆಲಸ ಮುಗಿಸಿ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ನನ್ನ ಚೀಲದ ಕಡೆ ಇಣುಕುತ್ತಾರೆ. ನಮ್ಮಲ್ಲಿ ಒಂದು ಚಳಿ ಕೋಣೆಯಿದೆ, ಬಾಗಿಲು ಕಬ್ಬಿಣದ ಬೀರುವಿನಂತೆ. ಅಲ್ಲಿ ಮೈನಸ್ ಮೂವತ್ತೈದಕ್ಕೆ ಇಳಿಸಿ, ನಿನ್ನ ತಟ್ಟೆಯಷ್ಟೇ ಕರೆಂಟು ಎಳೆದು ನೋಡಿದೆ. ಹಳೆಯದು ಕೈಚೆಲ್ಲಿದ ಮೇಲೂ ಇದು ನಡೆಯುತ್ತಲೇ ಇತ್ತು. ಕೋಟು ದಪ್ಪ ಇಲ್ಲ, ಬಾಗಿಲಲ್ಲಿ ಗುಂಪಿಲ್ಲ.

ಆದರೂ ಚಳಿ ಕೋಣೆ ಬೇರೆ, ನಿನ್ನ ಬೆಟ್ಟ ಬೇರೆ. ನಿಮ್ಮ ವೈದ್ಯರನ್ನು ಕೇಳಿಯೇ ಬಳಸು. ಹಳೆಯದು ಜೊತೆಗಿರಲಿ. ಮೊದಲು ಖಾಲಿ ಪೆಟ್ಟಿಗೆಯಲ್ಲಿ ಓಡಿಸಿ ನೋಡು. ಏನಾಯಿತೆಂದು ಬರೆ.

ನಿನ್ನ ಗಂಡನಿಗೆ ಮೂರು ಗವಸು ಕಳಿಸಿದ್ದೇನೆ. ಮೂರೂ ಬಲಗೈಯವು.

ಅತ್ತೆ


ಜನವರಿ 6

ಅತ್ತೆಯವರಿಗೆ ನಮಸ್ಕಾರ.

ಖಾಲಿ ಪೆಟ್ಟಿಗೆಯಲ್ಲಿ ಮೂರು ಸಲ ಓಡಿಸಿದೆವು. ನಮ್ಮ ವೈದ್ಯೆ ತಾವೇ ಗಾಡಿಯಲ್ಲಿ ಕೂತು ಬಂದು ನೋಡಿ ಒಪ್ಪಿದರು. ನಿನ್ನೆ ನಿಜವಾದ ಸವಾರಿ.

ಗಣಿಯ ಮೇಲಿನ ಸಾಲುಮನೆಯಲ್ಲಿ ಹೆಣ್ಣು ಮಗು, ನನ್ನ ಅಂಗೈಯಿಂದ ಮೊಣಕೈವರೆಗೆ ಬರುವಷ್ಟು. ತಾಯಿ ಗಣಿಯಲ್ಲಿ ಕ್ರೇನ್ ಓಡಿಸುವವಳು. ಅವಳನ್ನೂ ಗಾಡಿಯಲ್ಲೇ ಕರೆತಂದೆವು. ಗಾಡಿಯ ಹಿಂಬದಿಗೆ ಕ್ಯಾನ್ವಾಸ್ ಹೊದಿಕೆ ಬಿಟ್ಟರೆ ಬೇರೇನಿಲ್ಲ, ನಮ್ಮ ಉಸಿರೇ ಹೊದಿಕೆಗೆ ಅಂಟಿ ಹೆಪ್ಪುಗಟ್ಟುತ್ತಿತ್ತು. ತಾಯಿ ದಾರಿಯುದ್ದಕ್ಕೂ ಪೆಟ್ಟಿಗೆಯ ಹಸಿರು ದೀಪವನ್ನೇ ನೋಡುತ್ತಿದ್ದಳು. "ಅದು ಆರಿದ್ರೆ ಏನು?" ಎಂದು ಕೇಳಿದಳು. "ಆರಲ್ಲ" ಎಂದೆ. ಹಾಗೆ ಹೇಳುವ ಧೈರ್ಯ ನನಗೆ ಹಿಂದೆಂದೂ ಬಂದಿರಲಿಲ್ಲ ಅತ್ತೆ. ಆಸ್ಪತ್ರೆಯ ಬಾಗಿಲಲ್ಲಿ ಪೆಟ್ಟಿಗೆ ತೆರೆದರೆ ಮಗುವಿನ ಪಾದ ಬೆಚ್ಚಗಿತ್ತು.

ನೀವು ಎಂಥವರು ಅತ್ತೆ! ಕೈಯಲ್ಲಿ ಹಿಡಿಯುವಂಥ ಡಬ್ಬಿಯಲ್ಲಿ ಇಷ್ಟೆಲ್ಲ ತುಂಬಿ ಕಳಿಸಿದ್ದೀರಿ. ಮನೆಗೆ ಬಂದು ನಿಮ್ಮ ಮಗನಿಗೆ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅವರು ಪಿಟೀಲು ತೆಗೆದು ಏನೋ ನುಡಿಸಿದರು.

ಇಂತಿ ನಿಮ್ಮ ಸೊಸೆ


ಜನವರಿ 16

ಸೊಸೆಗೆ,

ಪತ್ರ ಬಂತು. ಸಂತೋಷವಾಯಿತು. ಇಲ್ಲಿ ಪ್ರಯೋಗಾಲಯದ ಸಭೆಯಲ್ಲಿ ಓದಿದೆ. ಕ್ರೇನ್ ಓಡಿಸುವ ತಾಯಿಯ ಮಾತು ಬಂದಾಗ ನಿರ್ದೇಶಕರು ಇನ್ನೊಮ್ಮೆ ಓದಿ ಎಂದರು. ಮಗುವಿನ ತೂಕ ಏರುತ್ತಿದೆಯೇ?

ಈಗ ನನಗೆ ಬೇಕಾದದ್ದು ಬರೆ. ಚಾರ್ಜು ಎಷ್ಟು ಹೊತ್ತು ಹಿಡಿಯುತ್ತದೆ, ದಿನದಿಂದ ದಿನಕ್ಕೆ ಕಮ್ಮಿಯಾಗುತ್ತಿದೆಯೇ, ಬಳಸದೆ ಇದ್ದಾಗ ಎಲ್ಲಿ ಇಡುತ್ತೀಯ, ಡಬ್ಬಿಯ ಆಕಾರದಲ್ಲಿ ಏನಾದರೂ ವ್ಯತ್ಯಾಸ ಇದೆಯೇ. ದೂರು ಏನೇನಿದೆ ಎಲ್ಲ ಬರೆ.

ಅತ್ತೆ


ಜನವರಿ 27

ಅತ್ತೆಯವರಿಗೆ ನಮಸ್ಕಾರ.

ದೂರು ಏನೂ ಇಲ್ಲ. ನೀವು ಮಾಡಿದ್ದರಲ್ಲಿ ದೂರು ಎಲ್ಲಿಂದ ಬರಬೇಕು? ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಇನ್ನೊಂದು ಮಗುವನ್ನೂ ತಂದೆವು. ಮೊದಲನೆಯದು ತೂಕ ಏರಿ ಮನೆಗೆ ಹೋಯಿತು.

ಇಲ್ಲಿ ಬಿರುಗಾಳಿಯ ಸೂಚನೆ ಇದೆ. ಫೋನಿನ ಗೋಪುರ ಬೀಳಬಹುದು ಎನ್ನುತ್ತಿದ್ದಾರೆ. ಟಪಾಲು ಗಾಡಿ ಮಾತ್ರ ಹೇಗಾದರೂ ಬರುತ್ತದೆ. ನೀವು ಬೆಚ್ಚಗಿರಿ. ಆರೋಗ್ಯ ನೋಡಿಕೊಳ್ಳಿ.

ಇಂತಿ ನಿಮ್ಮ ಸೊಸೆ

ಅಮ್ಮಾ, ಇದು ನಾನು. ಇವಳು ಲಕೋಟೆ ಅಂಟಿಸುವ ಮೊದಲು ಎರಡು ಸಾಲು. ಮೂರರಲ್ಲಿ ಒಂದು ಗವಸು ಉಳಿದಿದೆ. ಇನ್ನೊಂದು ಸಮಾಚಾರ: ನಿನ್ನ ಮಗನಿಗೂ ಎಂಜಿನಿಯರಿಂಗ್ ಬಂತು. ನಿನ್ನ ಬ್ಯಾಟರಿ ಯಾಕೋ ಗೂಡಿನಲ್ಲಿ ಬಿಗಿಯಾಗಿ, ಮುಚ್ಚಳ ಕೂರುತ್ತಿರಲಿಲ್ಲ. ಪಿಟೀಲು ಪೆಟ್ಟಿಗೆಯ ಪಟ್ಟಿ ಕಿತ್ತು ಎಳೆದು ಕಟ್ಟಿಕೊಟ್ಟೆ. ಗಟ್ಟಿಯಾಗಿ ಕೂತಿದೆ!


ಫೆಬ್ರವರಿ 4

ಇಬ್ಬರಿಗೂ,

ಆ ಪಟ್ಟಿಯನ್ನು ಈ ಕ್ಷಣ ಬಿಚ್ಚಿ. ಬ್ಯಾಟರಿಯನ್ನು ಮನೆಯಿಂದ, ಆಸ್ಪತ್ರೆಯಿಂದ ದೂರ, ಹೊರಗೆ ಹಿಮದಲ್ಲಿ ಇಡಿ. ಚಾರ್ಜಿಗೆ ಹಾಕಬೇಡಿ. ಯಾವ ಮಗುವಿನ ಹತ್ತಿರವೂ ಒಯ್ಯಬೇಡಿ.

ಮುಚ್ಚಳ ಕೂರುತ್ತಿಲ್ಲ ಎಂದರೆ ಡಬ್ಬಿ ಉಬ್ಬಿದೆ. ಉಬ್ಬಿದೆ ಎಂದರೆ ಒಳಗೆ ಅನಿಲ ತುಂಬಿದೆ. ಅದನ್ನು ಎಳೆದು ಕಟ್ಟುವುದು ಎಂಜಿನಿಯರಿಂಗ್ ಅಲ್ಲ ಮಗನೇ.

ಬೆಳಗಿನಿಂದ ಫೋನು ಮಾಡುತ್ತಿದ್ದೇನೆ, ಹೋಗುತ್ತಿಲ್ಲ. ಟಪಾಲು ಗಾಡಿಯವನ ಕೈಯಲ್ಲೇ ಕೊಟ್ಟು, ಎಲ್ಲಕ್ಕಿಂತ ಮೊದಲು ಇದನ್ನು ತಲುಪಿಸು ಎಂದಿದ್ದೇನೆ.

ಸೊಸೇ, ನಾನು ಕೇಳಿದ್ದಕ್ಕೆ 'ದೂರು ಇಲ್ಲ' ಎಂದು ಬರೆದೆಯಲ್ಲ. ಯಾಕೆ?

ಅತ್ತೆ


ಫೆಬ್ರವರಿ 5

ಅತ್ತೆ,

ಫೋನು ಸತ್ತಿದೆ. ಬಿರುಗಾಳಿ ನಿನ್ನೆ ನಿಂತಿತು.

ಮೊನ್ನೆ ಮೇಲಿನ ಸಾಲುಮನೆಯಲ್ಲಿ ಗಂಡು ಮಗು ಹುಟ್ಟಿತು, ತಿಂಗಳಿಗೂ ಹೆಚ್ಚು ಮುಂಚೆ. ತಾಯಿಗೆ ರಕ್ತಸ್ರಾವ. ವೈದ್ಯೆ ಅಲ್ಲೇ ಉಳಿದರು. ನಾನು, ಮೌನಿ, ಮಗುವಿನ ಅಜ್ಜಿ ಮೂವರು ಮಗುವನ್ನು ತೆಗೆದುಕೊಂಡು ಹೊರಟೆವು. ಅರ್ಧ ದಾರಿಯಲ್ಲಿ ಹಿಮ ಜರಿದು ರಸ್ತೆ ಮುಚ್ಚಿತ್ತು. ಮೌನಿ ಗಾಡಿಯ ರೇಡಿಯೋದಲ್ಲಿ ಕರೆದಿದ್ದರಿಂದ ಆ ಕಡೆಗೆ ಆಸ್ಪತ್ರೆಯ ಇನ್ನೊಂದು ಗಾಡಿ ಬಂದು ನಿಂತಿರುವುದು ಕೆಳಗೆ ಕಾಣುತ್ತಿತ್ತು. ಪೆಟ್ಟಿಗೆಯನ್ನು ಜಾರುಬಂಡಿಗೆ ಕಟ್ಟಿ ಬದಿಯ ಕಾಲುದಾರಿಯಲ್ಲಿ ಇಳಿಯತೊಡಗಿದೆವು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ದೀಪ ಕೆಂಪಾಯಿತು. ಆಮೇಲೆ ಆರಿತು. ಹಳೆಯ ಬ್ಯಾಟರಿ ಹಾಕಿದೆ. ಅದೂ ಹೆಚ್ಚು ಹೊತ್ತು ತಾಳಲಿಲ್ಲ. ಗಾಳಿ ಮುಖಕ್ಕೆ ಮರಳಿನಂತೆ ಹೊಡೆಯುತ್ತಿತ್ತು. ಮೌನಿ ಹಿಂತಿರುಗಿ ನೋಡಿದ. ಮಾತೇ ಆಡಲಿಲ್ಲ, ನಿಮಗೆ ಅವನ ಪರಿಚಯವಿದ್ದರೆ ಅದೆಂಥ ಗಳಿಗೆ ಎಂದು ಗೊತ್ತಾಗುತ್ತಿತ್ತು.

ಕೋಟು, ಸ್ವೆಟರು, ಒಳಗಿನದು ಎಲ್ಲ ಬಿಚ್ಚಿ ಮಗುವನ್ನು ಬರಿಯ ಎದೆಗೆ ಒತ್ತಿಕೊಂಡೆ. ಅಜ್ಜಿ ತನ್ನ ಶಾಲು ತೆಗೆದು ನನ್ನ ಬೆನ್ನಿಗೆ ಸುತ್ತಿ ಬಿಗಿದಳು, ಮೇಲೆ ಮತ್ತೆ ಕೋಟು. ಆಮೇಲೆ ನನ್ನ ಮುಂದೆ ಬಂದು ನಿಂತು, "ನಡಿ ಮಗಳೇ. ಗಾಳಿ ನನಗೆ ಬಡೀಲಿ, ನೀನು ನನ್ನ ಬೆನ್ನು ಬಿಡಬೇಡ" ಎಂದಳು. ಅಷ್ಟು ದೂರವೂ ಅವಳ ಬೆನ್ನು ನೋಡುತ್ತಾ ನಡೆದೆ. ಎದೆಯ ಮೇಲೆ ಮಗು ಅಲುಗಾಡುವುದು ನಿಂತಾಗಲೆಲ್ಲ ಬೆರಳಿನಿಂದ ಅಂಗಾಲು ಕೆರೆಯುತ್ತಿದ್ದೆ. ಕಾಲು ಎಳೆದುಕೊಳ್ಳುತ್ತಿತ್ತು.

ಮಗು ಬದುಕಿದೆ. ತಾಯಿಯೂ ಚೇತರಿಸಿಕೊಳ್ಳುತ್ತಿದ್ದಾಳೆ. ಅಜ್ಜಿಯ ಕೆನ್ನೆ ಎರಡೂ ಕಪ್ಪಾಗಿವೆ, ವಾಸಿಯಾಗುತ್ತದೆ.

ಬ್ಯಾಟರಿ ಎರಡು ವಾರದಿಂದ ಬೇಗ ಖಾಲಿಯಾಗುತ್ತಿತ್ತು ಅತ್ತೆ. ಮುಚ್ಚಳ ಕೂರದಿರುವುದೂ ನನಗೆ ಗೊತ್ತಿತ್ತು. ನೀವು ಅಷ್ಟು ಕಷ್ಟಪಟ್ಟು ಮಾಡಿ ಕಳಿಸಿದ್ದೀರಿ, ಮೊದಲ ಸಲವೇ ಹುಳುಕು ಎತ್ತಿ ತೋರಿಸುವುದು ಹೇಗೆ ಎಂದು ಬರೆಯಲಿಲ್ಲ. ಬಡಿಸಿದ್ದನ್ನು ಉಪ್ಪು ಕಮ್ಮಿ ಅನ್ನದೆ ಉಣ್ಣುವ ಹಾಗೆ ನಡೆದುಕೊಂಡೆ. ಕಳೆದ ಚಳಿಗಾಲ ಇದೇ ದಾರಿಯಲ್ಲಿ ಒಂದು ಮಗು ನನ್ನ ಕೈಯಲ್ಲಿ ಉಳಿಯಲಿಲ್ಲ. ನವೆಂಬರಿನಲ್ಲಿ ನಿಮಗೆ ಬರೆದದ್ದು ಅದಕ್ಕೇ. ಅದನ್ನೂ ಹೇಳಲಿಲ್ಲ. ಹೇಳಿದರೆ ನಿಮ್ಮ ತಲೆಯ ಮೇಲೆ ಭಾರ ಹೊರಿಸಿದಂತೆ ಆಗುತ್ತದೆ ಎಂದುಕೊಂಡೆ.

ಜನವರಿಯ ಪತ್ರದಲ್ಲಿ ನೀವು ಕೇಳಿದ್ದಕ್ಕೆ ಈಗ ಉತ್ತರ. ಬಳಸದೆ ಇದ್ದಾಗ ನಮ್ಮ ಮನೆಯ ಒಲೆಯ ಪಕ್ಕದ ಗೂಡಿನಲ್ಲಿ ಇಡುತ್ತಿದ್ದೆ. ಬೆಚ್ಚಗಿರಲಿ ಎಂದು.

ಸೊಸೆ


ಫೆಬ್ರವರಿ 27

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ನಾಲ್ಕನೇ ತಾರೀಖಿನ ಪತ್ರ ತಡವಾಗಿ ಕೈಸೇರಿತು. ಅದರಲ್ಲಿ ಬರೆದ ಹಾಗೇ ಮಾಡಿದೆವು. ಆಮೇಲೆ ನಿಮ್ಮ ಪ್ರಯೋಗಾಲಯದವರು ಹೇಳಿಕಳಿಸಿದಂತೆ ಬ್ಯಾಟರಿಯನ್ನು ಮರಳು ತುಂಬಿದ ಲೋಹದ ಡಬ್ಬದಲ್ಲಿಟ್ಟು ಅವರ ವಾಹನದಲ್ಲೇ ಕಳಿಸಿದೆವು. ನಿಮ್ಮಿಂದ ಮಾತ್ರ ಒಂದು ಸಾಲೂ ಬರಲಿಲ್ಲ.

ಫೋನು ಸರಿಯಾಗಿದೆ. ಮಾಡಿದರೆ ನಿಮ್ಮ ಸಹಾಯಕಿ "ಅವರು ಚಳಿ ಕೋಣೆಯಲ್ಲಿದ್ದಾರೆ" ಎನ್ನುತ್ತಾಳೆ. ಸಂಜೆ ಮಾಡಿದರೂ ಅದೇ.

ನೀವು ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ಅದು ನ್ಯಾಯವೇ. ನಿಮ್ಮ ಮಗ ಬೇರೆ ಹೇಳುತ್ತಾರೆ: "ಅಮ್ಮನಿಗೆ ಕೋಪ ಬಂದ್ರೆ ಮೂರು ಬೀದಿಗೆ ಕೇಳ್ಸುತ್ತೆ. ಸುಮ್ಮನಿದ್ದಾಳೆ ಅಂದ್ರೆ ಏನೋ ಬೇಯಿಸ್ತಿದ್ದಾಳೆ." ಯಾವುದೇ ಆಗಿರಲಿ, ಒಂದು ಸಾಲು ಬರೆಯಿರಿ. ಬೈದು ಬರೆದರೂ ಸರಿ.

ನಿಮ್ಮ ಸೊಸೆ


ಮಾರ್ಚ್ 19

ನನ್ನ ಸೊಸೆಗೆ,

ಕೋಪವಿರಲಿಲ್ಲ. ಬರೆಯಲು ಕೂತೆ, ಮೂರು ಸಲ. ನೀನು ಕೂಸನ್ನು ಎದೆಗೆ ಕಟ್ಟಿಕೊಂಡು ಆ ಗಾಳಿಯಲ್ಲಿ ಇಳಿದದ್ದನ್ನು ಓದಿದ ಮೇಲೆ ಬರಿ ಮಾತು ಕಳಿಸಲು ಮನಸ್ಸಾಗಲಿಲ್ಲ. ಕೈಯಲ್ಲಿ ಒಂದು ವಸ್ತು ಹಿಡಿದೇ ಬರೆಯೋಣ ಎಂದು ನಿಲ್ಲಿಸಿದೆ. ಅದನ್ನು ನೀನು ಕೋಪ ಎಂದುಕೊಳ್ಳುತ್ತೀಯ ಎಂಬುದು ಹೊಳೆಯಲಿಲ್ಲ. ಅಷ್ಟು ಬುದ್ಧಿ ನನಗಿಲ್ಲ. ನಿನ್ನ ಗಂಡ ಹೇಳಿದ್ದು ಸರಿ, ಬೇಯಿಸುತ್ತಿದ್ದೆ.

ಬ್ಯಾಟರಿ ಬಂದ ಕೂಡಲೇ ಗಾಳಿ ಆಡದ ಪೆಟ್ಟಿಗೆಯಲ್ಲಿ, ರಬ್ಬರಿನ ಉದ್ದ ಕೈಗವಸಿನೊಳಗೆ ಕೈ ತೂರಿಸಿ ಬಿಚ್ಚಿದೆ. ಉತ್ತರ ನಿನ್ನ ಕೊನೆಯ ಸಾಲಿನಲ್ಲೇ ಇತ್ತು. ಒಲೆಯ ಪಕ್ಕ. ಈ ಸಡಿಲ ದ್ರವ ಚಳಿಯಲ್ಲಿ ಚಿನ್ನ, ಬಿಸಿಯಲ್ಲಿ ಪುಂಡ. ಆ ಎರಡು ಮನೆಗಳಲ್ಲಿ ಒಂದರ ಗೋಡೆ ಇಂಗಾಲದ್ದು; ಬೆಚ್ಚಗಿದ್ದಷ್ಟೂ ಆ ಇಂಗಾಲದ ಪದರವನ್ನು ಕೆರೆಯುತ್ತದೆ, ಕೆರೆದಷ್ಟೂ ಅನಿಲ. ನಾನು ಅದಕ್ಕೆ ಚಳಿಯಲ್ಲಿ ಬಾಳುವುದನ್ನು ಕಲಿಸಿದ್ದೆ, ಬೆಚ್ಚನೆ ಮನೆಯಲ್ಲಿ ಬಾಳುವುದನ್ನು ಕಲಿಸಿರಲಿಲ್ಲ. ಬೆಟ್ಟದಲ್ಲಿ ಇರುವವರು ಒಲೆ ಹಚ್ಚಿಕೊಂಡೇ ಇರುತ್ತಾರೆ, ಬೆಲೆಬಾಳುವುದನ್ನು ಒಲೆಯ ಹತ್ತಿರವೇ ಇಡುತ್ತಾರೆ. ಅಷ್ಟು ಯೋಚಿಸಬೇಕಾದವಳು ನಾನು. ನಿನ್ನ ತಪ್ಪಿಲ್ಲ.

ಸಡಿಲ ದ್ರವ ಹಾಗೇ ಇರಬೇಕು, ಇಂಗಾಲವನ್ನು ಮಾತ್ರ ಮುಟ್ಟಬಾರದು. ಅದಕ್ಕೆ ಇನ್ನೊಂದು ದ್ರವವನ್ನು ಚಿಟಿಕೆಯಷ್ಟು ಬೆರೆಸಬೇಕು. ಮೊದಲ ಚಾರ್ಜಿನಲ್ಲಿ ಆ ಚಿಟಿಕೆ ತಾನು ಒಡೆದು ಇಂಗಾಲದ ಮೇಲೆ ತೆಳ್ಳನೆ ಚರ್ಮವಾಗಿ ಕೂರುತ್ತದೆ. ಲಿಥಿಯಂ ಮಾತ್ರ ನುಸುಳಬಹುದು, ಪುಂಡ ಹೊರಗೆ. ಹೇಳಲು ಸುಲಭ. ಚರ್ಮ ದಪ್ಪವಾದರೆ ಚಳಿಯಲ್ಲಿ ಲಿಥಿಯಂ ಕೂಡ ನುಸುಳದು, ತೆಳುವಾದರೆ ಒಲೆಯ ಪಕ್ಕ ಹರಿಯುತ್ತದೆ. ಒಂದು ದಿನ ಚಳಿ ಕೋಣೆಯಲ್ಲಿ, ಮರುದಿನ ಬಿಸಿ ಕಪಾಟಿನಲ್ಲಿ, ಹೀಗೆ ಆಡಿಸಿ ಆಡಿಸಿ ನೋಡಿದೆವು. ಎಷ್ಟೋ ಮಿಶ್ರಣಗಳು ಸೋತವು. ನನ್ನ ಸಹಾಯಕಿ ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ಕುರ್ಚಿಯಲ್ಲಿ ಕೂತು ಅತ್ತಳು. ನಾನು ಅವಳಿಗೆ ನಿನ್ನ ಪತ್ರ ಓದಲು ಕೊಟ್ಟೆ. ಓದಿ, ಎದ್ದು, ಮುಖ ತೊಳೆದುಕೊಂಡು ಬಂದು, "ಮೇಡಂ, ಚಿಟಿಕೇನ ಅರ್ಧ ಮಾಡಿ, ಮೊದಲ ಚಾರ್ಜನ್ನ ಇನ್ನೂ ನಿಧಾನ ಕೊಡೋಣ" ಎಂದಳು. ಅದೇ ಕೆಲಸ ಮಾಡಿತು. ಚರ್ಮ ಆತುರಕ್ಕೆ ಕೂರುವುದಿಲ್ಲ, ನಿಧಾನಕ್ಕೆ ಕೂರುತ್ತದೆ.

ನಿನಗೆ ಹೇಳದ ಒಂದು ವಿಷಯ ನನ್ನಲ್ಲೂ ಇದೆ. ಈ ತಿಂಗಳ ಕೊನೆಗೆ ನನಗೆ ನಿವೃತ್ತಿ. ಜೊತೆಗೇ ಚಳಿ ಕೋಣೆಯನ್ನೂ ಮುಚ್ಚುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಯಾರಿಗೂ ಬೇಡದ ಸಂಶೋಧನೆ ಎಂದರು. ನಿನ್ನ ಮೊದಲ ಪತ್ರ ಬಂದಾಗ ನಾನು ಮೇಜು ಖಾಲಿ ಮಾಡಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದೆ. ಬಿಡುವಿದೆಯೋ ಎಂದು ನೀನು ಕೇಳಿದ್ದು ಅಂಥ ಹೊತ್ತಿನಲ್ಲಿ.

ಜನವರಿಯಲ್ಲಿ ನಿನ್ನ ಹೊಗಳಿಕೆಯ ಪತ್ರವನ್ನು ಸಭೆಯಲ್ಲಿ ಓದಿದ್ದೆನಲ್ಲ, ಫೆಬ್ರವರಿಯದನ್ನೂ ಅದೇ ಸಭೆಯಲ್ಲಿ ಓದಿದೆ. ಬ್ಯಾಟರಿ ಸೋತಿತು, ನಾನು ಮಾಡಿದ್ದು ಸೋತಿತು ಎಂದೇ ಶುರುಮಾಡಿದೆ. ಮುಗಿದ ಮೇಲೆ ನಿರ್ದೇಶಕರು "ಆ ಅಜ್ಜಿಗೆ ವಯಸ್ಸೆಷ್ಟು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಕೋಣೆಯನ್ನು ಸದ್ಯಕ್ಕೆ ಮುಚ್ಚುವುದು ಬೇಡ ಎಂದರು.

ನಾನು ಪ್ರಶಸ್ತಿ ಪಡೆದವರನ್ನು ಕಂಡಿದ್ದೇನೆ, ಅವರ ಪಕ್ಕ ಕೂತು ಊಟ ಮಾಡಿದ್ದೇನೆ. ನಿನ್ನಂಥವಳನ್ನು ಕಂಡಿರಲಿಲ್ಲ. ನನ್ನ ಮಗ ಏನೇನೋ ಕಳೆದುಕೊಳ್ಳುತ್ತಾನೆ. ಸಿಕ್ಕಿದ್ದು ಮಾತ್ರ ಇಂಥದ್ದು.

ಹೊಸ ಬ್ಯಾಟರಿ ಇದೆ. ಹತ್ತು ದಿನ ಬಿಸಿ ಕಪಾಟಿನಲ್ಲಿದ್ದೂ ಉಬ್ಬಿಲ್ಲ. ಆದರೂ ಒಲೆಯ ಪಕ್ಕ ಬೇಡ. ಈ ಸಲ ಹೊಗಳಿಕೆ ಒಂದು ಸಾಲೂ ಬರೆಯಬೇಡ. ದೂರು ಬರೆ.

ಅತ್ತೆ


ಏಪ್ರಿಲ್ 10

ಅತ್ತೆ,

ದೂರು ಒಂದು: ಡಬ್ಬಿಯ ಕೊಂಡಿ ಗವಸು ಹಾಕಿದ ಕೈಗೆ ಸಿಗುವುದಿಲ್ಲ. ಗವಸು ತೆಗೆದರೆ ಬೆರಳು ಕೊಂಡಿಗೆ ಅಂಟುತ್ತದೆ. ನನ್ನ ಹೆಬ್ಬೆರಳಿನ ಚರ್ಮ ಸ್ವಲ್ಪ ನಿಮ್ಮ ಡಬ್ಬಿಯ ಮೇಲೆಯೇ ಇದೆ.

ಇನ್ನೊಂದು, ಬಿಸಿಲು ಹಿಮದ ಮೇಲೆ ಬಿದ್ದಾಗ ಕಣ್ಣು ಕೋರೈಸಿ ಹಸಿರು ದೀಪ ಕಾಣುವುದೇ ಇಲ್ಲ. ಉರಿಯುತ್ತಿದೆಯೋ ಆರಿದೆಯೋ ಎಂದು ಮುಖ ಒತ್ತಿ ನೋಡಬೇಕು. ಶಬ್ದವಾದರೂ ಬರಲಿ. ಮೌನಿ "ನನ್ನ ದನೀನೇ ಹಾಕಿ" ಎನ್ನುತ್ತಾನೆ, ಅದು ಬೇಡ.

ತೂಕ ಜಾಸ್ತಿ. ಮುಚ್ಚಳದ ಮೂಲೆ ಚೂಪು, ಕೋಟು ಹರಿಯಿತು. ನೀವು ಅಂಟಿಸಿದ ಸೂಚನಾ ಹಾಳೆಯಲ್ಲಿ ಎರಡನೇ ಸಾಲು ಯಾರಿಗೂ ಅರ್ಥವಾಗಲಿಲ್ಲ, ವೈದ್ಯೆಗೂ ಸಹ.

ಇನ್ನು ನಡೆದದ್ದು. ಚಳಿ ಮುಗಿಯಿತು ಎಂದುಕೊಂಡಿದ್ದೆವು, ಹೋಗುವ ಮೊದಲು ಒಂದು ಸಲ ತಿರುಗಿ ಬಂತು. ಮೈನಸ್ ಮೂವತ್ತನಾಲ್ಕು. ಕಣಿವೆಯ ಆಚೆ ತುದಿಯಲ್ಲಿ ಅವಳಿ ಮಕ್ಕಳು, ಎರಡೂ ಹೆಣ್ಣು, ದಿನ ತುಂಬದವು. ಒಂದೇ ಪೆಟ್ಟಿಗೆಯಲ್ಲಿ ಎದುರುಬದುರು ಮಲಗಿಸಿದೆ. ಬರುವಾಗ ಗಾಡಿಯ ಎಂಜಿನ್ ಬೆಲ್ಟಿನ ಪಟ್ಟಿ ತುಂಡಾಯಿತು. ಮೌನಿ ಕೆಳಗೆ ಮಲಗಿ ಹೊಸ ಪಟ್ಟಿ ಕೂರಿಸುವವರೆಗೆ ಕಾಯಬೇಕು, ಬೇರೆ ದಾರಿಯಿಲ್ಲ. ಎಂಜಿನ್ ನಿಂತಿದೆ, ಮುಂದೆ ಚಾಲಕನ ಬಳಿ ಇದ್ದ ಒಂದೇ ಹೀಟರೂ ನಿಂತಿದೆ. ನನ್ನ ನೀರಿನ ಬಾಟಲಿ ಕಲ್ಲಾಯಿತು. ಮಕ್ಕಳ ಅಪ್ಪ ಜೊತೆಗಿದ್ದ, ಗಣಿಯಲ್ಲಿ ಬೆಸುಗೆ ಕೆಲಸದವನು. ಆ ಗಟ್ಟಿ ಮನುಷ್ಯ ಪೆಟ್ಟಿಗೆಯ ಪಕ್ಕ ಮಂಡಿಯೂರಿ ಕೂತುಬಿಟ್ಟ. ನಾನು ಕೋಟಿನ ಗುಂಡಿ ಬಿಚ್ಚಿಟ್ಟುಕೊಂಡೇ ಕಾದೆ, ಆರಿದ ಕ್ಷಣ ಎತ್ತಿಕೊಳ್ಳೋಣ ಎಂದು.

ಆರಲಿಲ್ಲ ಅತ್ತೆ. ಪಟ್ಟಿ ಕೂತು, ಗಾಡಿ ಹೊರಟು, ಕಣಿವೆ ದಾಟಿ, ಆಸ್ಪತ್ರೆಯ ಬಾಗಿಲು ತಲುಪಿದರೂ ಆರಲಿಲ್ಲ.

ಇಳಿಯುವಾಗ ಆ ತಂದೆ ಡಬ್ಬಿ ಮುಟ್ಟಿ ನೋಡಿ, "ಯಾವ ಕಂಪನೀದು ಇದು?" ಎಂದ.

"ಕಂಪನೀದಲ್ಲ. ನಮ್ಮತ್ತೆ ಮಾಡಿದ್ದು" ಎಂದೆ.

"ಅತ್ತೆ ಅಂದ್ರೆ... ಗಂಡನ ತಾಯೀನಾ?"

"ಹೌದು."

ಡಬ್ಬಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿದ. "ನಮ್ಮತ್ತೆ ನನಗೆ ಒಂದು ಲೋಟ ನೀರು ಕೊಡೋಕೂ ಮುಖ ನೋಡ್ತಾರೆ" ಎಂದ. ಮೌನಿ ನಕ್ಕು ನಕ್ಕು ಹಿಮದ ಮೇಲೆ ಕೂತ. ನಾನೂ ನಕ್ಕೆ. ನಗುತ್ತಾ ನಗುತ್ತಾ ಗುಂಡಿ ಹಾಕಿಕೊಂಡೆ.

ಹೊಗಳಬೇಡ ಎಂದಿದ್ದೀರಿ. ಹೊಗಳಿಲ್ಲ. ನಡೆದದ್ದನ್ನಷ್ಟೇ ಬರೆದಿದ್ದೇನೆ.

ನಿಮ್ಮ ಸೊಸೆ


ಏಪ್ರಿಲ್ 22

ಮಗಳೇ,

ನಿವೃತ್ತಿಯ ದಿನ ಎಲ್ಲರೂ ಸೇರಿ ಒಂದು ಗಡಿಯಾರ ಕೊಟ್ಟರು. ಮರುದಿನ ಬೆಳಿಗ್ಗೆ ಎಂದಿನಂತೆ ಬಸ್ಸು ಹತ್ತಿ ಬಂದೆ, ಕಾವಲುಗಾರ ಏನೂ ಕೇಳದೆ ಬಾಗಿಲು ತೆಗೆದ. ಈಗ ನನ್ನ ಹೆಸರು ಸಲಹೆಗಾರ್ತಿ. ಸಲಹೆ ಯಾರೂ ಕೇಳುವುದಿಲ್ಲ, ಕೆಲಸ ಮಾಡಬಹುದು.

ನಿನ್ನ ಪತ್ರವನ್ನು ಸಭೆಯಲ್ಲಿ ನನ್ನ ಸಹಾಯಕಿ ಓದಿದಳು. ಅವಳಿ ಮಕ್ಕಳ ಭಾಗ ಬಂದಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ನಿಮ್ಮ ಕಣಿವೆಯ ಎಲ್ಲ ಆಸ್ಪತ್ರೆಗಳಿಗೂ ಆಗುವಷ್ಟು ಬ್ಯಾಟರಿಗಳನ್ನು ಮುಂದಿನ ಚಳಿಗೆ ಮೊದಲು ಮಾಡಿಕೊಡುವುದೆಂದು ಒಪ್ಪಿದ್ದಾರೆ. ಕೊಂಡಿಯ ವಿಷಯ ಕೇಳಿ ನನಗೇ ನಾಚಿಕೆಯಾಯಿತು. ನಮ್ಮ ಚಳಿ ಕೋಣೆಯಲ್ಲಿ ಗವಸು ಹಾಕಿಕೊಂಡು ನಾನೇ ತೆಗೆಯಲು ಹೋದೆ, ಆಗಲಿಲ್ಲ. ಸೂಚನಾ ಹಾಳೆಯ ಎರಡನೇ ಸಾಲನ್ನೂ ಓದಿ ನೋಡಿದೆ. ನನಗೂ ಅರ್ಥವಾಗಲಿಲ್ಲ.

ಕಾಗದದಲ್ಲಿ ಇನ್ನು ಸಾಕು. ಅಕ್ಟೋಬರಿನಲ್ಲಿ, ಮೊದಲ ಹಿಮ ಬೀಳುವಷ್ಟರಲ್ಲಿ ಹೊಸ ಡಬ್ಬಿಗಳ ಜೊತೆ ಟಪಾಲು ಗಾಡಿಯಲ್ಲಿ ನಾನೇ ಬರುತ್ತೇನೆ. ಚಳಿಗಾಲ ಮುಗಿಯುವವರೆಗೆ ಇರುತ್ತೇನೆ. ನನಗೆ ಮಲಗಲು ಎಲ್ಲಾದರೂ ಆದೀತು. ಆ ಅಜ್ಜಿಯನ್ನು ನೋಡಬೇಕು, ವಯಸ್ಸು ಕೇಳಿ ನಿರ್ದೇಶಕರಿಗೆ ತಿಳಿಸಬೇಕು.

ಮೇಲಿನಿಂದ ಕರೆ ಬಂದರೆ ನನ್ನನ್ನೂ ಕರೆದುಕೊಂಡು ಹೋಗು. ಗಾಡಿಯ ಹಿಂಬದಿಯಲ್ಲಿ ನಿನ್ನ ಪಕ್ಕ ಕೂರುತ್ತೇನೆ. ನೀನು ಮಗುವನ್ನು ನೋಡಿಕೋ, ದೀಪವನ್ನು ನಾನು ನೋಡಿಕೊಳ್ಳುತ್ತೇನೆ.

ಅತ್ತೆ